ಸೂಜಿಯ ನೋವಿಗೆ ಸುವಾಸನೆ ಸಾಕೇ?

ಡಯಾಲಿಸಿಸ್ ಎಂದರೆ ರಕ್ತ ಶುದ್ಧ ಮಾಡುವ ಯಂತ್ರ ಎಂದಷ್ಟೇ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಸೂಜಿಯ ಲೆಕ್ಕ ಗೊತ್ತಿರುವುದು ಚುಚ್ಚಿಸಿಕೊಳ್ಳುವವರಿಗೆ ಮಾತ್ರ. ವಾರಕ್ಕೆ ಮೂರು ಸಲ, ಪ್ರತಿ ಸಲ ಎರಡು ದಪ್ಪ ಸೂಜಿ ಎಂದರೆ ವರ್ಷಕ್ಕೆ 312 ಚುಚ್ಚು. ಆಮೇಲೆ ಸುಮಾರು ನಾಲ್ಕು ಗಂಟೆ ಆ ಕೈ ಅಲುಗಾಡಿಸದೆ ಮಲಗಿರಬೇಕು. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ನನ್ನ ದೊಡ್ಡಪ್ಪ, ‘ಮಿಷನ್ನಿಗೆ ಹೆದರಲ್ಲ ಕಣೋ, ಸೂಜಿ ಹಾಕೋ ಮುಂಚಿನ ಐದು ನಿಮಿಷ ಇದೆಯಲ್ಲ, ಅದಕ್ಕೆ ಹೆದರ್ತೀನಿ’ ಅನ್ನುತ್ತಾರೆ.

ಆ ಐದು ನಿಮಿಷಕ್ಕೆ ಅರೋಮಾಥೆರಪಿ ಒಂದು ಉಪಾಯ ಎನ್ನುವವರಿದ್ದಾರೆ. ಇರಾನ್, ಟರ್ಕಿಯ ಡಯಾಲಿಸಿಸ್ ಘಟಕಗಳಲ್ಲಿ ರೋಗಿಗಳಿಗೆ ಲ್ಯಾವೆಂಡರ್ ಎಣ್ಣೆಯ ಪರಿಮಳ ಕೊಟ್ಟು ನೋಡಿದ್ದಾರೆ. ಹಲವು ಅಧ್ಯಯನಗಳಲ್ಲಿ ಸೂಜಿಯ ನೋವೂ ಆತಂಕವೂ ತಗ್ಗಿವೆ. (ಲ್ಯಾವೆಂಡರ್ ನಮ್ಮ ಲಾವಂಚವಲ್ಲ. ಲಾವಂಚ ಹುಲ್ಲಿನ ಬೇರು, ಇದು ಹೂವು.)

ಆದರೆ ಇವು ಬಹುತೇಕ ಕೆಲವೇ ಹತ್ತಾರು ರೋಗಿಗಳ ಮೇಲೆ ನಡೆದ ಸಣ್ಣ ಅಧ್ಯಯನಗಳು. ಮಾತ್ರೆಯಾದರೆ ಅಸಲಿ ಯಾವುದು, ಸಕ್ಕರೆಯದು ಯಾವುದು ಎಂದು ತಿಳಿಯದಂತೆ ಕೊಟ್ಟು ಪರೀಕ್ಷಿಸಬಹುದು. ಪರಿಮಳವನ್ನು ಮೂಗಿನಿಂದ ಬಚ್ಚಿಡುವುದು ಹೇಗೆ? ಎಂಜಿನಿಯರಿಂಗ್ ಓದುವ ನನಗೆ ಮೊದಲು ಬಂದ ಅನುಮಾನ ಇದೇ. ಹಾಗೆಂದು ನಾನು ಅದನ್ನು ತಳ್ಳಿಹಾಕುವುದಿಲ್ಲ. ನೋವು ತಗ್ಗಿದ್ದು ಎಣ್ಣೆಯಿಂದಲೋ, ಯಾರೋ ಪಕ್ಕದಲ್ಲಿ ನಿಂತು ‘ನಿಧಾನಕ್ಕೆ ಉಸಿರು ಎಳ್ಕೊಳ್ಳಿ’ ಎಂದಿದ್ದರಿಂದಲೋ, ಮಲಗಿದವರಿಗೆ ಹಗುರವಾದರೆ ಸರಿ. ಹತ್ತಿಯ ಮೇಲೆ ಎರಡು ಹನಿ ಹಾಕಿಕೊಳ್ಳಲು ದೊಡ್ಡ ಖರ್ಚೂ ಇಲ್ಲ.

ನನ್ನ ತಕರಾರು ಬೇರೆ. ಮುಚ್ಚಿದ ವಾರ್ಡಿನಲ್ಲಿ ಎಲ್ಲರಿಗೂ ಸೇರಿ ಪರಿಮಳದ ಹೊಗೆ ಬಿಟ್ಟರೆ ಪಕ್ಕದ ಮಂಚದ ಆಸ್ತಮಾ ರೋಗಿಯ ಗತಿಯೇನು? ಹಿಂದಿನ ದಿನವಷ್ಟೇ ಊಟ ವಾಂತಿ ಮಾಡಿಕೊಂಡವರಿಗೆ ಆ ವಾಸನೆಯೇ ಹಿಂಸೆಯಾಗಬಹುದು. ಸೂಜಿ ಹಾಕುವ ಕೈಗೆ ನೇರವಾಗಿ ಎಣ್ಣೆ ಹಚ್ಚುವುದಂತೂ ಬೇಡವೇ ಬೇಡ. ಎಣ್ಣೆಯಿಂದ ಕಿಡ್ನಿಯೇ ವಾಸಿ ಎಂದು ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ. ಅದನ್ನು ನಂಬಿ ಡಯಾಲಿಸಿಸ್ ಬಿಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು.

ಸೂಜಿಯ ನೋವಿಗೆ ಇನ್ನೊಂದು ದಾರಿ ಮೊದಲಿನಿಂದಲೂ ಇದೆ. ಚುಚ್ಚುವುದಕ್ಕೆ ಸುಮಾರು ಒಂದು ಗಂಟೆ ಮುಂಚೆ ಹಚ್ಚಿದರೆ ಚರ್ಮಕ್ಕೆ ಜೋಮು ಹಿಡಿಸುವ ಲಿಡೋಕೇನ್ ಮುಲಾಮು. ಅದರ ಬಗ್ಗೆ ಎಷ್ಟು ರೋಗಿಗಳಿಗೆ ಯಾರು ಹೇಳಿದ್ದಾರೆ? ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತವಾಗಿ ಸಿಗುತ್ತಿರುವುದು ನಮ್ಮಂಥ ಮನೆಗಳಿಗೆ ದೊಡ್ಡ ಆಸರೆ. ದೇವನಹಳ್ಳಿಯಾಗಲಿ, ಹೊಸಕೋಟೆಯಾಗಲಿ, ನೆಲಮಂಗಲವಾಗಲಿ, ಮಂಚದ ಪಕ್ಕ ಆ ಮುಲಾಮಿನ ಟ್ಯೂಬೂ ಇರಲಿ, ಹಚ್ಚಿಕೊಳ್ಳುವ ಕ್ರಮವನ್ನು ಹೇಳಿಕೊಡಲು ಸಿಸ್ಟರ್‌ಗೆ ಐದು ನಿಮಿಷ ಬಿಡುವೂ ಇರಲಿ. ಲ್ಯಾವೆಂಡರ್ ಬೇಕೆನ್ನುವವರು ಮನೆಯಿಂದ ಹತ್ತಿ ತರಬಹುದು.