ತಲೆ ತಿರುಗಿ ಬಿದ್ದರೆ ದುಆ ಇರಲಿ, ಇಸಿಜಿಯೂ ಆಗಲಿ

ಮದ್ರಸದಲ್ಲಿ ಮಗು ತಲೆ ತಿರುಗಿ ಬಿದ್ದರೆ, ಮದುವೆ ಹಾಲ್‌ನಲ್ಲಿ ಯಾರಾದರೂ ಕುಸಿದರೆ ನಮ್ಮಲ್ಲಿ ಉತ್ತರ ರೆಡಿ ಇರುತ್ತದೆ: ‘ಬೆಳಿಗ್ಗೆ ಏನೂ ತಿಂದಿಲ್ಲ’, ‘ಗ್ಯಾಸ್’, ‘ದೃಷ್ಟಿ ತಾಗಿದ್ದು’. ಎದ್ದು ಕೂತರೆ ವಿಷಯ ಮುಗಿಯಿತು. ಕೆಲವರು ನೀರು ಊದಿಸಲು ಉಸ್ತಾದರ ಹತ್ತಿರ ಬರುತ್ತಾರೆ. ಬರಲಿ, ದುಆ ಮಾಡುವ. ಆದರೆ ಬಿದ್ದದ್ದು ಯಾಕೆ ಎಂದು ಡಾಕ್ಟರರ ಹತ್ತಿರ ಕೇಳದೆ ಬಿಡಬಾರದು.

ಹೆಚ್ಚಿನ ಸಲ ಕಾರಣ ಸಣ್ಣದೇ. ಸೆಖೆಯಲ್ಲಿ ತುಂಬಾ ಹೊತ್ತು ನಿಂತದ್ದು, ರಕ್ತ ಕಂಡು ಹೆದರಿದ್ದು, ವಾಂತಿ-ಭೇದಿಯಾದದ್ದು. ಬಿಪಿ ಇಳಿದು ಮೆದುಳಿಗೆ ರಕ್ತ ಸಾಲದೆ ಹೋಗುತ್ತದೆ. ಬೀಳುವ ಮೊದಲು ಕಣ್ಣು ಕತ್ತಲೆ, ಬೆವರು, ವಾಕರಿಕೆ ಬರುತ್ತದೆ. ಮಲಗಿಸಿದರೆ ಬೇಗ ಸರಿಯಾಗುತ್ತದೆ. ಬಿಪಿ ಮಾತ್ರೆಯ ಹಿರಿಯರು ಸುಬ್‌ಹಿಗೆ ದಡಕ್ಕನೆ ಎದ್ದಾಗಲೂ ಹೀಗಾಗುವುದುಂಟು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ನೋಂಬಿನಲ್ಲಿ ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಕೂಡಲೇ ನೋಂಬು ಬಿಡಬೇಕು. ಕಾಯಿಲೆಯವರಿಗೆ ದೀನ್ ರಿಯಾಯಿತಿ ಕೊಟ್ಟಿದೆ, ನಾವು ಕಠಿಣ ಮಾಡುವುದು ಬೇಡ.

ಹೆದರಬೇಕಾದದ್ದು ಬೇರೆ ಉಂಟು. ಓಡುವಾಗ, ಆಡುವಾಗ ಅಥವಾ ಮಲಗಿದ್ದಲ್ಲೇ ಪ್ರಜ್ಞೆ ತಪ್ಪಿದ್ದು. ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದದ್ದು. ಎದೆನೋವು, ಉಸಿರಾಟದ ತೊಂದರೆ, ಎದೆ ಡವಡವ ಆದದ್ದು. ಮನೆತನದಲ್ಲಿ ಯಾರಾದರೂ ಸಣ್ಣ ಪ್ರಾಯದಲ್ಲಿ ಹಠಾತ್ತನೆ ತೀರಿಹೋದದ್ದು. ಇವು ಹೃದಯ ಬಡಿತದ ದೋಷದ ಗುರುತಾಗಿರಬಹುದು. ಇಂಥವರನ್ನು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ನಾಳೆ ನೋಡುವ ಎನ್ನಬಾರದು.

ಮೊದಲ ಪರೀಕ್ಷೆಗಳು ದೊಡ್ಡ ಖರ್ಚಿನವಲ್ಲ. ಇಸಿಜಿ, ಮಲಗಿ ಮತ್ತು ನಿಂತು ನೋಡುವ ಬಿಪಿ, ಶುಗರ್, ಹಿಮೋಗ್ಲೋಬಿನ್. ಇಸಿಜಿಗೆ ಕೆಲವೇ ನಿಮಿಷ ಸಾಕು, ನೋವಿಲ್ಲ. ಹೆಂಗಸರು ಹಿಂಜರಿಯುವುದು ಬೇಡ, ಹೆಣ್ಣು ಸಿಬ್ಬಂದಿಯೇ ಮಾಡಲಿ ಎಂದು ಕೇಳಬಹುದು. ಒಮ್ಮೆ ಇಸಿಜಿ ಸರಿ ಬಂದರೂ ಪುನಃ ಬಿದ್ದರೆ ಮತ್ತೆ ತೋರಿಸಿ. 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್ ಪರೀಕ್ಷೆ ಬೇಕಾಗಬಹುದು.

ನನಗೆ ಹೆಚ್ಚು ಬೇಸರ ಹುಡುಗಿಯರ ವಿಷಯದಲ್ಲಿ. ‘ಫಿಟ್ಸ್ ಅಂತ ಹೆಸರು ಬಂದರೆ ಮದುವೆ ಆಗಲಿಕ್ಕಿಲ್ಲ’ ಎಂದು ಮನೆಯವರು ಮುಚ್ಚಿಡುತ್ತಾರೆ. ಬಿದ್ದದ್ದೆಲ್ಲ ಫಿಟ್ಸ್ ಅಲ್ಲ. ಫಿಟ್ಸ್ ಆದರೂ ಮದ್ದು ಉಂಟು. ಹುಡುಗಿಯಲ್ಲಿ ರಕ್ತ ಕಡಿಮೆ ಎಂದು ಗೊತ್ತಾದರೂ ಅದು ಲಾಭವೇ. ಮುಚ್ಚಿಟ್ಟ ಹೃದಯದ ಕಾಯಿಲೆ ಮಾತ್ರ ಒಂದು ದಿನ ಜೀವಕ್ಕೇ ಬರಬಹುದು.

ಯಾರಾದರೂ ಬಿದ್ದರೆ ಸುತ್ತ ಗುಂಪು ಕಟ್ಟಬೇಡಿ, ಹಿಡಿದೆತ್ತಿ ಕೂರಿಸಬೇಡಿ. ನೆಲದಲ್ಲಿ ಮಲಗಿಸಿ ಕಾಲು ಎತ್ತಿ ಹಿಡಿಯಿರಿ. ಪೂರ್ತಿ ಎಚ್ಚರ ಬರುವವರೆಗೆ ಬಾಯಿಗೆ ನೀರು ಹಾಕಬೇಡಿ, ಊದಿದ ನೀರಾದರೂ ಸರಿ. ಒಂದೆರಡು ನಿಮಿಷದಲ್ಲಿ ಏಳದಿದ್ದರೆ 108ಕ್ಕೆ ಕರೆ ಮಾಡಿ. ಉಸಿರಾಟವೇ ಇಲ್ಲದಿದ್ದರೆ ಒಂದು ಕ್ಷಣವೂ ಕಾಯಬೇಡಿ.