ಮನೆಯ ವೈಫೈಗೆ ಎರಡು ಬೀಗ

ಸಂಜೆ ಏಳರ ಸುಮಾರಿಗೆ ಚಿತ್ರದುರ್ಗದ ಯಾವುದಾದರೂ ಬಡಾವಣೆಯಲ್ಲಿ ನಿಂತು ಮೊಬೈಲಿನ ವೈಫೈ ಪಟ್ಟಿ ತೆರೆದರೆ ಹತ್ತು ಹದಿನೈದು ಹೆಸರುಗಳು ಸಾಲಾಗಿ ಮೂಡುತ್ತವೆ. ಕೆಲವು ಮನೆ ಯಜಮಾನರ ಹೆಸರು, ಕೆಲವು ಮನೆದೇವರ ಹೆಸರು. ಉಳಿದವು ಡಬ್ಬಿ ತಯಾರಿಸಿದ ಕಂಪನಿಯ ಹೆಸರು, ಅದರ ಮುಂದೆ ನಾಲ್ಕಾರು ಅಂಕಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಪೇಟೆಬೀದಿಗಳಲ್ಲೂ ಚಿತ್ರ ಇಷ್ಟೇ. ಪಾಠ, ಪ್ರವೇಶ ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ, ಕಾಲೇಜಿನ ಶುಲ್ಕ, ಕರೆಂಟ್ ಬಿಲ್ಲು ಎಲ್ಲವೂ ಈಗ ಈ ಡಬ್ಬಿಯ ಮೂಲಕವೇ ಹಾದುಹೋಗುತ್ತವೆ. ಆದರೆ ಕೇಬಲ್‌ನವರು ಬಂದು ಗೋಡೆಗೆ ಮೊಳೆ ಹೊಡೆದು ಅದನ್ನು ತೂಗುಹಾಕಿ ಹೋದ ಮೇಲೆ ಮನೆಯವರು ಅದರತ್ತ ತಿರುಗಿ ನೋಡುವುದು ಕೆಂಪು ದೀಪ ಹತ್ತಿದಾಗ ಮಾತ್ರ.

ವೈಫೈ ಎಂದರೆ ಸಣ್ಣದೊಂದು ರೇಡಿಯೋ ಕೇಂದ್ರ. ಅದರ ಅಲೆಗಳಿಗೆ ಮನೆಯ ಗೋಡೆ ಎಲ್ಲೆಯಲ್ಲ. ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು 2005ರ ಜನವರಿಯಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ್ದರಿಂದಲೇ ಯಾರು ಬೇಕಾದರೂ ಮನೆಯಲ್ಲಿ ಇಂಥ ಕೇಂದ್ರ ಇಟ್ಟುಕೊಳ್ಳುವುದು ಸಾಧ್ಯವಾಯಿತು. ಈ ಪಟ್ಟಿಯ ಅಲೆಗಳು ಒಂದೆರಡು ಇಟ್ಟಿಗೆ ಗೋಡೆಗಳನ್ನು ದಾಟಬಲ್ಲವು. ಅಡ್ಡಿಯಿಲ್ಲದ ಬಯಲಿನಲ್ಲಿ ನೂರು ಮೀಟರಿನ ಆಸುಪಾಸು ತಲುಪುತ್ತವೆ. 5 ಗಿಗಾಹರ್ಟ್ಸ್ ಪಟ್ಟಿಯ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ದುರ್ಗದ ಹಳೆಯ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿವೆ. ಅಲ್ಲಿ ಒಂದು ಮನೆಯ ಸಂಕೇತ ನಾಲ್ಕು ಮನೆಗಳ ಒಳಕ್ಕೂ ಹೋಗುತ್ತದೆ, ಜೊತೆಗೆ ಬೀದಿಗೂ.

ಹೋದರೇನಂತೆ, ಯಾರೋ ಪಾಪ ಸ್ವಲ್ಪ ಡೇಟಾ ಬಳಸಿಕೊಳ್ಳಲಿ ಬಿಡಿ ಎನ್ನುವ ಉದಾರಿಗಳೂ ಇದ್ದಾರೆ. ತಿಂಗಳಿಗೆ ಇಂತಿಷ್ಟೇ ಎಂದು ಹಣ ಕಟ್ಟುವವರಿಗೆ ಡೇಟಾ ಹೋದರೆ ನಷ್ಟವೂ ಇಲ್ಲ. ತೊಂದರೆ ಇರುವುದು ಬೇರೆಡೆ. ಮನೆಯೊಳಗೆ ಎಷ್ಟೇ ಫೋನುಗಳಿರಲಿ, ಹೊರಜಗತ್ತಿಗೆ ಅವೆಲ್ಲ ಕಾಣುವುದು ಒಂದೇ ಐಪಿ ವಿಳಾಸದಿಂದ. ಆ ವಿಳಾಸ ಯಾರ ಹೆಸರಿನಲ್ಲಿದೆ ಎಂದು ಪೊಲೀಸರು ಕೇಳಿದರೆ ಸೇವೆ ಕೊಡುವ ಸಂಸ್ಥೆ ತೋರಿಸುವುದು ಬಿಲ್ಲಿನ ಮೇಲಿರುವ ಹೆಸರನ್ನು. ಸಾಮಾನ್ಯವಾಗಿ ಅದು ತಂದೆಯದೋ ತಾಯಿಯದೋ ಹೆಸರು.

ಇದು ಬರೀ ಕಲ್ಪನೆಯ ಭಯವಲ್ಲ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ, ಮರುದಿನ ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಮಾಧ್ಯಮಗಳಿಗೆ ಒಂದು ಬೆದರಿಕೆಯ ಇ-ಮೇಲ್ ಬಂದಿತ್ತು. ಅದರ ಜಾಡು ಹಿಡಿದು ಹೋದ ಪೊಲೀಸರು ತಲುಪಿದ್ದು ನವಿ ಮುಂಬೈನ ಒಂದು ಫ್ಲ್ಯಾಟಿಗೆ. ಅಲ್ಲಿ ವಾಸವಿದ್ದವರು ಉದ್ಯೋಗಕ್ಕಾಗಿ ಬಂದಿದ್ದ ಒಬ್ಬ ಅಮೆರಿಕನ್. ಅವರ ಮನೆಯ ವೈಫೈಗೆ ಸರಿಯಾದ ರಕ್ಷಣೆ ಇರಲಿಲ್ಲ. ಹೊರಗಿನವರು ಅದರೊಳಗೆ ಸೇರಿಕೊಂಡು ಕೆಲಸ ಮುಗಿಸಿದ್ದರು. ಆ ಮನೆಯ ಕಂಪ್ಯೂಟರುಗಳು ಪೊಲೀಸರ ಕೈಸೇರಿದವು, ವಿಚಾರಣೆಯ ಮೇಲೆ ವಿಚಾರಣೆ ನಡೆಯಿತು. ಅದೇ ವರ್ಷದ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಇಂಥವೇ ಇ-ಮೇಲುಗಳು ಮುಂಬೈನ ಒಂದು ಕಾಲೇಜಿನ ಹಾಗೂ ಒಂದು ಖಾಸಗಿ ಕಂಪನಿಯ ವೈಫೈ ಮೂಲಕ ಹೊರಟಿದ್ದವು. ಮುಂದಿನ ಜನವರಿಯಲ್ಲಿ ಮುಂಬೈ ಪೊಲೀಸರು ಬೀಗವಿಲ್ಲದ ವೈಫೈಗಳನ್ನು ಹುಡುಕುತ್ತ ಬೀದಿ ಬೀದಿ ಸುತ್ತಿದರು. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷತೆಯ ಬಗ್ಗೆ ಇಂಟರ್ನೆಟ್ ಸಂಸ್ಥೆಗಳಿಗೆ ಸೂಚನೆಗಳನ್ನೂ ಹೊರಡಿಸಿತು.

ಅಲ್ಲಿಂದೀಚೆಗೆ ಪಾಸ್‌ವರ್ಡೇ ಇಲ್ಲದ ವೈಫೈ ಅಪರೂಪವಾಗಿದೆ. ಹೊಸ ಡಬ್ಬಿಗಳು ಪಾಸ್‌ವರ್ಡ್ ಹಾಕಿಕೊಂಡೇ ಬರುತ್ತವೆ. ಹೀಗಾಗಿ ಹೆಚ್ಚಿನ ಮನೆಗಳಲ್ಲಿ ಒಂದು ಬೀಗ ಇದ್ದೇ ಇದೆ. ಮರೆತುಹೋಗಿರುವುದು ಎರಡನೆಯದು.

ಮೊದಲ ಪಾಸ್‌ವರ್ಡ್ ಫೋನನ್ನು ವೈಫೈಗೆ ಸೇರಿಸುವುದು. ಅದು ಮನೆಮಂದಿಗೆಲ್ಲ ಬಾಯಿಪಾಠ. ಎರಡನೆಯದು ಡಬ್ಬಿಯನ್ನೇ ಆಳುವ ಪಾಸ್‌ವರ್ಡ್. ಬ್ರೌಸರಿನಲ್ಲಿ 192.168.1.1 ಎಂದೋ ಡಬ್ಬಿಯ ತಳದ ಚೀಟಿಯಲ್ಲಿ ಬರೆದಿರುವ ಇನ್ನೊಂದು ಸಂಖ್ಯೆಯನ್ನೋ ಒತ್ತಿದರೆ ಒಂದು ಪುಟ ತೆರೆದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಹಲವು ಡಬ್ಬಿಗಳಲ್ಲಿ ಎರಡಕ್ಕೂ ಉತ್ತರ ಒಂದೇ: ಅಡ್ಮಿನ್. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆಯೇ ವರ್ಷಗಟ್ಟಲೆ ಉಳಿದುಬಿಡುವ ಬೀಗ ಇದು. ದುರ್ಗದ ಮಕ್ಕಳಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ನುಗ್ಗಲು ನೋಡಿದ್ದು ಹೆಬ್ಬಾಗಿಲಿನಿಂದಲ್ಲ, ಒಬ್ಬೊಬ್ಬರೇ ತೂರಬಹುದಾದ ಕಿಂಡಿಯಿಂದ.

ಕರ್ನಾಟಕವೇ ಈ ಪಾಠವನ್ನು ಒಮ್ಮೆ ದುಬಾರಿಯಾಗಿ ಕಲಿತಿದೆ. 2017ರ ಜುಲೈ ಕೊನೆಯ ವಾರದಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿದವು. ಕರ್ನಾಟಕ ವಲಯಕ್ಕೂ ಅದರ ಪೆಟ್ಟು ಬಿತ್ತು. ಕಾರ್ಖಾನೆಯ ಹಳೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಸುಮಾರು 60,000 ಮೋಡೆಮ್‌ಗಳು ಈ ದಾಳಿಗೆ ಸಿಕ್ಕಿದ್ದವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು. ಬ್ರಿಕರ್‌ಬಾಟ್ ಎಂಬ ದುಷ್ಟ ತಂತ್ರಾಂಶವನ್ನು ಬರೆದವನು ಇದು ತನ್ನದೇ ಕೆಲಸ ಎಂದು ಹೇಳಿಕೊಂಡ. ಬ್ರಿಕ್ ಎಂದರೆ ಇಟ್ಟಿಗೆ. ದಾಳಿಗೆ ಸಿಕ್ಕ ಯಂತ್ರ ಇಟ್ಟಿಗೆಯಷ್ಟೇ ಪ್ರಯೋಜನಕ್ಕೆ ಬರುತ್ತದೆ ಎಂಬ ಅರ್ಥದಲ್ಲಿ ಆ ಹೆಸರು.

ಕೆಟ್ಟು ನಿಂತ ಡಬ್ಬಿ ಕಣ್ಣಿಗಾದರೂ ಕಾಣುತ್ತದೆ. ಕೆಡದೆ ಮೋಸ ಮಾಡುವ ಡಬ್ಬಿ ಇನ್ನೂ ಅಪಾಯಕಾರಿ. ಬ್ರೆಜಿಲ್ ದೇಶದಲ್ಲಿ 2011ರಿಂದ ಶುರುವಾದ ಒಂದು ದಾಳಿಯಲ್ಲಿ ಸುಮಾರು 45 ಲಕ್ಷ ಮನೆ ಮೋಡೆಮ್‌ಗಳೊಳಗೆ ಕಳ್ಳರು ಹೊಕ್ಕು, ಡಿಎನ್‌ಎಸ್ ಎಂಬ ಒಂದೇ ಒಂದು ಸೆಟ್ಟಿಂಗ್ ಬದಲಿಸಿದರು. ಡಿಎನ್‌ಎಸ್ ಎಂದರೆ ಇಂಟರ್ನೆಟ್ಟಿನ ದಾರಿ ತೋರಿಸುವವನು. ಬ್ಯಾಂಕಿನ ಹೆಸರು ಹೇಳಿದರೆ ಆ ಬ್ಯಾಂಕಿನ ಯಂತ್ರ ಎಲ್ಲಿದೆ ಎಂದು ಹೇಳುತ್ತಾನೆ. ಅವನನ್ನೇ ಬದಲಿಸಿಬಿಟ್ಟರೆ ಮನೆಯವರು ಸರಿಯಾದ ಹೆಸರು ಒತ್ತಿದರೂ ನಕಲಿ ಪುಟಕ್ಕೆ ಹೋಗಿ ಬೀಳಬಹುದು. ಈಗಿನ ಬ್ಯಾಂಕ್ ತಾಣಗಳು ಎಚ್‌ಟಿಟಿಪಿಎಸ್ ಬಳಸುವುದರಿಂದ ಬ್ರೌಸರ್ ಎಚ್ಚರಿಕೆ ಕೊಡುತ್ತದೆ ಎಂಬುದು ನಿಜ. ಆದರೆ ಆ ಎಚ್ಚರಿಕೆಯನ್ನು ಓದದೆ ‘ಮುಂದುವರಿಸಿ’ ಎಂದು ಒತ್ತುವವರೇ ಜಾಸ್ತಿ.

ಹಿರಿಯೂರಿನ ಆಚೆ ತೋಟದ ನಡುವೆ ಒಂಟಿ ಮನೆ ಮಾಡಿಕೊಂಡವರಿಗೆ ಅಕ್ಕಪಕ್ಕದವರು ವೈಫೈಗೆ ಇಣುಕುವ ಚಿಂತೆ ಅಷ್ಟಾಗಿಲ್ಲ. ಆದರೆ ಈ ಎರಡನೆಯ ಬೀಗ ಅವರಿಗೂ ಬೇಕು. ಈ ಕಳ್ಳರು ರಸ್ತೆಯಲ್ಲಿ ನಡೆದು ಬರುವುದಿಲ್ಲ, ತಂತಿಯ ಆ ತುದಿಯಿಂದ ಬರುತ್ತಾರೆ.

ಬೀಗ ಬದಲಿಸುವ ಕೆಲಸಕ್ಕೆ ಅರ್ಧ ಗಂಟೆ ಸಾಕು. ಪಿಯುಸಿ ಓದುವ ಹುಡುಗಿಯೋ ಹುಡುಗನೋ ಮಾಡಬಲ್ಲ ಕೆಲಸ; ಹೆತ್ತವರಲ್ಲಿ ಒಬ್ಬರು ಪಕ್ಕದಲ್ಲಿ ಕೂತಿದ್ದರೆ ಮುಂದೆ ‘ನೀನೇನೋ ಒತ್ತಿ ಹಾಳು ಮಾಡಿದೆ’ ಎಂಬ ಮಾತಿಗೆ ಜಾಗವಿರುವುದಿಲ್ಲ. ಮೊದಲು ಡಬ್ಬಿಯ ತಳದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಬೇಕು. ಆಮೇಲೆ ಆ ಪುಟಕ್ಕೆ ಹೋಗಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಬೇಕು. ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂದಿರುವುದನ್ನು ಆರಿಸಬೇಕು. ‘ಡಬ್ಲ್ಯುಪಿಎಸ್’ ಎಂಬುದನ್ನೂ ಆರಿಸುವುದು ಒಳ್ಳೆಯದು. ಎಂಟು ಅಂಕಿಯ ಒಂದು ಪಿನ್‌ನಿಂದ ಒಳಬಿಡುವ ಆ ವ್ಯವಸ್ಥೆಯ ದೌರ್ಬಲ್ಯ 2011ರಲ್ಲೇ ಬಯಲಾಗಿದೆ. ‘ಸೆಕ್ಯುರಿಟಿ’ ಎಂದಿರುವಲ್ಲಿ ಡಬ್ಲ್ಯುಪಿಎ3 ಇದ್ದರೆ ಅದು, ಇಲ್ಲದಿದ್ದರೆ ಡಬ್ಲ್ಯುಪಿಎ2. ಡಬ್ಲ್ಯುಇಪಿ ಎಂಬ ಹಳೆಯ ವಿಧಾನವನ್ನು ಒಡೆಯುವ ದಾರಿಯನ್ನು ಗಣಿತಜ್ಞರು 2001ರಲ್ಲೇ ತೋರಿಸಿಕೊಟ್ಟರು. ಅದೊಂದೇ ಗೊತ್ತಿರುವ ಡಬ್ಬಿ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕಲು ಹಿಂದುಮುಂದು ನೋಡಬೇಕಾಗಿಲ್ಲ.

ಕೆಲವು ಕೇಬಲ್ ಸಂಸ್ಥೆಗಳು ಅಡ್ಮಿನ್ ಪಾಸ್‌ವರ್ಡನ್ನು ಗ್ರಾಹಕರಿಗೆ ಕೊಡುವುದಿಲ್ಲ. ಹಾಗಿದ್ದರೆ ಅವರನ್ನೇ ಕರೆಸಿ, ಎದುರಿಗೇ ಬದಲಿಸಿಕೊಳ್ಳಬೇಕು. ಪಾಸ್‌ವರ್ಡ್ ಮರೆತಿದೆ ಎಂದು ಡಬ್ಬಿಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚುವ ಉತ್ಸಾಹ ಬೇಡ. ಫೈಬರ್ ಡಬ್ಬಿಗಳಲ್ಲಿ ಹಾಗೆ ಮಾಡಿದರೆ ಸಂಸ್ಥೆಯ ಸೆಟ್ಟಿಂಗುಗಳೂ ಅಳಿಸಿಹೋಗಿ, ನಾಳೆ ಪರೀಕ್ಷೆ ಎನ್ನುವಾಗ ಇಂಟರ್ನೆಟ್ಟೇ ಇಲ್ಲದಂತಾಗಬಹುದು.

ಇನ್ನು ಮೊದಲ ಬೀಗದ ಮಾತು. ಊರುಗಳಲ್ಲಿ ಬಹಳ ಕಡೆ ವೈಫೈ ಪಾಸ್‌ವರ್ಡ್ ಎಂದರೆ ಮನೆ ಯಜಮಾನರ ಮೊಬೈಲ್ ನಂಬರು. ಹತ್ತು ಅಂಕಿ ಇದೆ, ಯಾರು ಊಹಿಸಿಯಾರು ಎಂಬ ಧೈರ್ಯ. ಇಲ್ಲಿ ಒಂದು ಲೆಕ್ಕ ಮಾಡಿ ನೋಡಬಹುದು. ಭಾರತದ ಮೊಬೈಲ್ ನಂಬರು 6, 7, 8, 9 ಈ ನಾಲ್ಕರಲ್ಲಿ ಒಂದರಿಂದ ಶುರುವಾಗುತ್ತದೆ. ಉಳಿದ ಒಂಬತ್ತು ಸ್ಥಾನಗಳಲ್ಲಿ ಯಾವ ಅಂಕಿಯಾದರೂ ಇರಬಹುದು. ಅಂದರೆ ಒಟ್ಟು ಸಾಧ್ಯತೆಗಳು 400 ಕೋಟಿ. ದೊಡ್ಡ ಸಂಖ್ಯೆಯೇ. ಆದರೆ ಡಬ್ಲ್ಯುಪಿಎ2 ವೈಫೈಗೆ ಯಾರಾದರೂ ಸೇರುವ ಕ್ಷಣದಲ್ಲಿ ಗಾಳಿಯಲ್ಲಿ ನಡೆಯುವ ಮಾತುಕತೆಯನ್ನು ಒಮ್ಮೆ ಹಿಡಿದಿಟ್ಟುಕೊಂಡರೆ, ಮನೆಗೆ ಹೋಗಿ ನಿಧಾನವಾಗಿ ಊಹೆಗಳನ್ನು ಪರೀಕ್ಷಿಸಬಹುದು. ವಿಡಿಯೋ ಆಟಗಳಿಗೆಂದು ಮಾರುವ ದುಬಾರಿ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಊಹೆಗಳನ್ನು ಪರೀಕ್ಷಿಸಬಲ್ಲದು. 400 ಕೋಟಿಯನ್ನು ಹತ್ತು ಲಕ್ಷದಿಂದ ಭಾಗಿಸಿದರೆ 4,000 ಸೆಕೆಂಡು. ಒಂದು ಗಂಟೆ ಏಳು ನಿಮಿಷ. ಆ ನಂಬರು ಅಂಗಡಿಯ ಬೋರ್ಡಿನ ಮೇಲೋ ಮದುವೆಯ ಕರೆಯೋಲೆಯಲ್ಲೋ ಇದ್ದರೆ ಅಷ್ಟು ಶ್ರಮವೂ ಬೇಡ.

ಹಾಗೆಂದು ಬಾಯಿಗೆ ಬಾರದ ಚಿಹ್ನೆಗಳನ್ನು ತುರುಕಬೇಕಾಗಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಸಾಕು: ಹುಣಸೆ, ಏಣಿ, ಗಡಿಯಾರ, ಕಂಬಳಿ, ಬೆಲ್ಲ ಎಂಬಂತೆ. (ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇವೇ ಐದು ಪದಗಳನ್ನು ಯಾರೂ ಬಳಸಬಾರದು.) ಎರಡು ಸಾವಿರ ಸಾಮಾನ್ಯ ಪದಗಳ ಪಟ್ಟಿಯಿಂದ ಕಣ್ಣುಮುಚ್ಚಿ ಐದನ್ನು ಆರಿಸಿದರೂ ಅದೇ ಕಾರ್ಡಿಗೆ ಅದೇ ವೇಗದಲ್ಲಿ ಎಲ್ಲ ಸಾಧ್ಯತೆಗಳನ್ನು ಮುಗಿಸಲು ಸಾವಿರ ವರ್ಷ ಹಿಡಿಯುತ್ತದೆ. ಎರಡು ಸಾವಿರವನ್ನು ಐದು ಬಾರಿ ಗುಣಿಸಿ ಗಣಿತದ ವಿದ್ಯಾರ್ಥಿಗಳು ಇದನ್ನು ತಾಳೆ ನೋಡಬಹುದು. ಗಾದೆ ಮಾತು, ಸಿನಿಮಾ ಹೆಸರು, ಮನೆದೇವರು ಬೇಡ. ಒನಕೆ ಓಬವ್ವ, ಮದಕರಿ ನಾಯಕರ ಮುಂದೆ 123 ಸೇರಿಸುವುದೂ ಬೇಡ. ದುರ್ಗದವರ ಪಾಸ್‌ವರ್ಡ್ ಊಹಿಸಲು ಹೊರಟವರು ಮೊದಲು ನೋಡುವುದೇ ಅದನ್ನು.

ಇಷ್ಟೆಲ್ಲ ಮಾಡಿದ ಮೇಲೆ ಬರುವ ಕಷ್ಟ ತಾಂತ್ರಿಕವಲ್ಲ, ದಾಕ್ಷಿಣ್ಯದ್ದು. ಪಕ್ಕದ ಮನೆಯ ಅತ್ತಿಗೆ ‘ಸ್ವಲ್ಪ ವೈಫೈ ಪಾಸ್‌ವರ್ಡ್ ಹೇಳವ್ವ, ಮಗೂದು ಆನ್‌ಲೈನ್ ಅರ್ಜಿ ಹಾಕ್ಬೇಕು’ ಎಂದರೆ ಇಲ್ಲ ಎನ್ನುವವರು ಯಾರು? ಅನ್ನಬೇಕಾಗಿಯೂ ಇಲ್ಲ. ಈಚಿನ ಡಬ್ಬಿಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯವಿದೆ. ನೆಂಟರಿಗೆ, ಜೊತೆಗೂಡಿ ಓದಲು ಬರುವ ಗೆಳೆಯರಿಗೆ, ಪಕ್ಕದ ಮನೆಯವರಿಗೆ ಅದರ ಪಾಸ್‌ವರ್ಡ್ ಕೊಟ್ಟು, ಕೆಲಸ ಮುಗಿದ ಮೇಲೆ ಆರಿಸಿಬಿಡಬಹುದು ಅಥವಾ ಬದಲಿಸಬಹುದು. ಮನೆಯ ಫೋನು, ಕಂಪ್ಯೂಟರುಗಳಿರುವ ಜಾಲಕ್ಕೆ ಅವರು ಬರುವುದಿಲ್ಲ. ಆದರೆ ಹೊರಗಡೆಗೆ ಕಾಣುವ ಐಪಿ ವಿಳಾಸ ಅದೇ ಎಂಬುದು ನೆನಪಿರಲಿ. ಗುರುತಿಲ್ಲದವರಿಗೆ ಇದನ್ನೂ ಕೊಡುವಂತಿಲ್ಲ.

ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ ಒಣಗಿಸುವ ಕಣಕ್ಕೆ, ತೋಟದ ಮನೆಗೆ ವೈಫೈ ಕ್ಯಾಮೆರಾ ಹಾಕಿಸಿಕೊಂಡು ಫೋನಿನಲ್ಲೇ ಕಾವಲು ಕಾಯುವವರಿದ್ದಾರೆ. ಆ ಕ್ಯಾಮೆರಾಗೂ ಒಂದು ಅಡ್ಮಿನ್ ಪಾಸ್‌ವರ್ಡ್ ಇರುತ್ತದೆ. 2016ರಲ್ಲಿ ಮಿರಾಯ್ ಎಂಬ ತಂತ್ರಾಂಶ ಕಾರ್ಖಾನೆಯ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇಟ್ಟುಕೊಂಡು ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ಇಂಥ ಕ್ಯಾಮೆರಾವನ್ನು ಗೆಸ್ಟ್ ಜಾಲಕ್ಕೆ ಸೇರಿಸಿ ಬೇರೆಯಾಗಿ ಇಡುವುದು ಜಾಣತನ. ಮಲಗುವ ಕೋಣೆಯತ್ತ, ಹೆಣ್ಣುಮಕ್ಕಳು ಓದುವ ಕೋಣೆಯತ್ತ ಅದನ್ನು ತಿರುಗಿಸಲೇಬಾರದು.

ವೈಫೈ ಹೆಸರನ್ನು ಪಟ್ಟಿಯಲ್ಲಿ ಕಾಣದಂತೆ ಅಡಗಿಸಿದರೆ ಸಾಕೇ ಎಂದು ಕೇಳುವವರಿದ್ದಾರೆ. ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಉಚಿತವಾಗಿ ಸಿಗುವ ಸಲಕರಣೆಗಳು ಅಡಗಿದ ಹೆಸರನ್ನು ಪತ್ತೆಹಚ್ಚುತ್ತವೆ.

ತಮ್ಮ ಮನೆಯ ಬೀಗ ಹೇಗಿದೆ ಎಂದು ಪರೀಕ್ಷಿಸುವ ವಿದ್ಯಾರ್ಥಿಗಳಿಗೆ ಪಕ್ಕದ ಮನೆಯದೂ ನೋಡೋಣ ಎನಿಸುವುದು ಸಹಜ. ಅನುಮತಿ ಇಲ್ಲದೆ ಇನ್ನೊಬ್ಬರ ಜಾಲಕ್ಕೆ ಹೊಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿನಡಿ ಬರುತ್ತದೆ. ಅಪ್ರಾಮಾಣಿಕ ಉದ್ದೇಶದಿಂದ ಮಾಡಿದ್ದಾದರೆ 66ನೇ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೇಳಿಕೊಂಡು ಹೋಗಿ ಬೀಗ ಬದಲಿಸಿಕೊಟ್ಟರೆ ಕಾಫಿಯಾದರೂ ಸಿಗುತ್ತದೆ.

ಅಡ್ಮಿನ್ ಪುಟದಲ್ಲಿ ಆ ಹೊತ್ತಿಗೆ ಸೇರಿಕೊಂಡಿರುವ ಫೋನು, ಯಂತ್ರಗಳ ಪಟ್ಟಿಯೂ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ನೋಡಿ, ಗುರುತು ಸಿಗದ್ದು ಕಂಡರೆ ಪಾಸ್‌ವರ್ಡ್ ಬದಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಚಿತ್ರದುರ್ಗದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. ಬಾಡಿಗೆ ಮನೆ ಬಿಡುವಾಗ ಅಥವಾ ಸಂಪರ್ಕ ಬೇಡವೆಂದು ಡಬ್ಬಿಯನ್ನು ಸಂಸ್ಥೆಗೆ ಹಿಂದಿರುಗಿಸುವಾಗ ಮಾತ್ರ, ಹಿಂದಿನ ಆ ತೂತಿಗೆ ಧಾರಾಳವಾಗಿ ಪಿನ್ನು ಚುಚ್ಚಿ ಎಲ್ಲವನ್ನೂ ಅಳಿಸಿ ಕೊಡಬಹುದು.