‘ತೊಂದರೆ ಕಂಡುಬಂದಿಲ್ಲ’ ಎಂಬ ಷರಾ

ಮೂವತ್ತು ವರ್ಷಗಳ ಕಾಲ ಉತ್ತರ ಪತ್ರಿಕೆಗಳ ಮೇಲೆ, ಪ್ರಗತಿ ಪತ್ರಗಳ ಮೇಲೆ ಷರಾ ಬರೆದವನು ನಾನು. ‘ಪ್ರಯತ್ನ ಸಾಲದು’, ‘ಕೈಬರಹ ಸುಧಾರಿಸಲಿ’, ‘ಪಾಲಕರು ಬಂದು ಕಾಣತಕ್ಕದ್ದು’... ಇವುಗಳ ಪರಿಣಾಮವೇನೆಂಬುದನ್ನು ಈ ಬರಹವನ್ನು ಓದುವ ನಿಮ್ಮಲ್ಲಿ ಹಲವರು ಅನುಭವದಿಂದಲೇ ಬಲ್ಲಿರಿ! ಆದರೆ ಈಚೆಗೆ ನಾನು ಕಂಡ ಒಂದು ಷರಾದಷ್ಟು ಜಾಣ ಷರಾವನ್ನು ಯಾವ ಮುಖ್ಯಾಧ್ಯಾಪಕರೂ ಬರೆದದ್ದನ್ನು ನಾನು ಕಾಣೆ. ಕಾರಿನ ಸರ್ವಿಸ್ ಸೆಂಟರಿನವರು ಜಾಬ್ ಕಾರ್ಡಿನ ಕೊನೆಯ ಸಾಲಿನಲ್ಲಿ ಅದನ್ನು ಬರೆಯುತ್ತಾರೆ: ‘ತೊಂದರೆ ಕಂಡುಬಂದಿಲ್ಲ’. ನೋಡಲು ನಿರುಪದ್ರವಿಯಾದ ಈ ಎರಡು ಪದಗಳು ವಾರಂಟಿ ಎಂಬ ಕರಾರನ್ನು ಸದ್ದಿಲ್ಲದೆ ಕೊಲ್ಲುತ್ತವೆ ಎಂಬುದು ನನ್ನ ತಕರಾರು. ದೋಷವನ್ನು ಗ್ರಾಹಕನು ಮೊದಲು ತಿಳಿಸಿದ ದಿನವೇ ವಾರಂಟಿಯ ಲೆಕ್ಕಕ್ಕೆ ಬರಬೇಕು. ಕಂಪನಿಯವರ ಕಣ್ಣಿಗೆ ಅದು ಬಿದ್ದ ದಿನವಲ್ಲ.

ದೋಷ ಯಾವುದೆಂಬುದನ್ನು ಮೊದಲು ಹೇಳಬೇಕು. ಕೀಲಿ ತಿರುವಿ ಚಾಲೂ ಮಾಡುವ ಕಾರಿನಲ್ಲಿ ಕೀಲಿಯನ್ನು ಹೊರತೆಗೆದು ಚಕ್ರವನ್ನು ಸ್ವಲ್ಪ ತಿರುಗಿಸಿದರೆ ಉಕ್ಕಿನ ಚಿಲಕವೊಂದು ಸ್ಟಿಯರಿಂಗ್ ದಂಡದ ಕಚ್ಚಿನೊಳಗೆ ಹೋಗಿ ಕೂರುತ್ತದೆ. ಕಳ್ಳನು ಕಾರನ್ನು ಒಯ್ಯಲಾರ. ಕೀಲಿ ತಿರುವಿದರೆ ಚಿಲಕ ಹಿಂದಕ್ಕೆ ಸರಿಯುತ್ತದೆ. ಬಿಗಿಯಾಗಿದ್ದರೆ ಅದು ಕೈಗೇ ತಿಳಿಯುತ್ತದೆ. ಈಗಿನ ಗುಂಡಿ ಒತ್ತುವ ಕಾರುಗಳಲ್ಲಿ ಕೆಲವದರಲ್ಲಿ ಈ ಕೆಲಸವನ್ನು ಪುಟ್ಟ ಮೋಟಾರೊಂದು ಮಾಡುತ್ತದೆ. ಗುಂಡಿ ಒತ್ತಿದಾಗ ಕಾರಿನ ಗಣಕವು ನಮ್ಮ ಜೇಬಿನಲ್ಲಿರುವ ಕೀಲಿಯನ್ನು ರೇಡಿಯೋ ಸಂಕೇತದಿಂದ ಗುರುತಿಸುತ್ತದೆ. ಚಿಲಕವನ್ನು ಸರಿಸುವಂತೆ ಮೋಟಾರಿಗೆ ಆಜ್ಞೆ ಕೊಡುತ್ತದೆ. ‘ಸರಿಯಿತು’ ಎಂಬ ವರದಿ ಒಳಗಿನ ಸಣ್ಣ ಸ್ವಿಚ್ಚಿನಿಂದ ಬಂದ ಮೇಲಷ್ಟೇ ಎಂಜಿನ್ನಿಗೆ ಅನುಮತಿ ನೀಡುತ್ತದೆ. ಈ ಎಚ್ಚರಿಕೆ ಸರಿಯಾದುದೇ. ಸ್ಟಿಯರಿಂಗ್ ಬಿಗಿದಿರುವಾಗ ಎಂಜಿನ್ ಹೊರಡಬಾರದು. ಆದರೆ ಆ ಸ್ವಿಚ್ಚಿನ ಸಂಪರ್ಕ ಸವೆದರೆ, ಅಥವಾ ಒಳಗಿನ ಬೆಸುಗೆ ಬಿರಿದರೆ, ಚಿಲಕ ಸರಿದಿದ್ದರೂ ವರದಿ ಬರುವುದಿಲ್ಲ. ಕಾರು ಮಿಸುಕುವುದಿಲ್ಲ. ಅರ್ಧ ಗಂಟೆಯ ನಂತರ, ಬಿಸಿಲಿಳಿದ ಮೇಲೆ, ಅದೇ ಸ್ವಿಚ್ಚು ಸರಿಯಾಗಿ ಕೆಲಸ ಮಾಡಬಹುದು. ಬಂದುಹೋಗುವ ದೋಷವೆಂದರೆ ಇದು. ವಿಜ್ಞಾನ ಕಲಿಸಿದವನಿಗೆ ಇದರಲ್ಲಿ ಪವಾಡವೇನೂ ಕಾಣುವುದಿಲ್ಲ.

ನಮ್ಮ ಮನೆಯ ಕಾರು 2022ರ ಜನವರಿಯದು. ವಾರಂಟಿ ಮೂರು ವರ್ಷ. 2024ರ ಮಾರ್ಚ್‌ನಲ್ಲಿ ಧಾರವಾಡದ ಲೈನ್ ಬಜಾರಿನಲ್ಲಿ, ಪೇಢೆ ಕೊಳ್ಳಲು ನಿಲ್ಲಿಸಿದಲ್ಲಿಯೇ, ಅದು ಮೊದಲ ಬಾರಿ ಮುಷ್ಕರ ಹೂಡಿತು. ಇಂಥ ಕಾರನ್ನು ನೂಕಿ ಬದಿಗೆ ಸರಿಸುವುದು ಕೂಡ ಸಾಧ್ಯವಿಲ್ಲ, ಏಕೆಂದರೆ ಚಕ್ರಗಳು ಯಾವ ಕಡೆ ಮುಖ ಮಾಡಿ ನಿಂತಿವೆಯೋ ಆ ಕಡೆಗೇ ಅದು ಹೋಗುತ್ತದೆ. ನಮ್ಮದು ಗಟಾರದ ಕಡೆ ಮುಖ ಮಾಡಿ ನಿಂತಿತ್ತು. ಸಹಾಯಕ್ಕೆ ಬಂದ ನಾಲ್ವರು ತರುಣರು ನೂಕಿ ನೋಡಿ ಕೈಬಿಟ್ಟರು. ಹಿಂದೆ ಬಸ್ಸು, ಮುಂದೆ ಆಟೋ, ಸುತ್ತ ಉಪದೇಶಕರು! ನಲವತ್ತು ನಿಮಿಷಗಳ ನಂತರ ನನ್ನಾಕೆ ಸುಮ್ಮನೆ ಗುಂಡಿ ಒತ್ತಿದಾಗ ಕಾರು ಏನೂ ನಡೆದೇ ಇಲ್ಲವೆಂಬಂತೆ ಚಾಲೂ ಆಯಿತು.

ಮರುದಿನವೇ ಸರ್ವಿಸ್ ಸೆಂಟರಿಗೆ ಒಯ್ದೆವು. (ಅದು ಯಾವುದೆಂದು ಇಲ್ಲಿ ಬರೆಯಲಾರೆ, ಪ್ರಕರಣ ಆಯೋಗದ ಮುಂದಿದೆ.) ಅವರು ಕೀಲಿಯ ಸೆಲ್ ಬದಲಿಸಿದರು, ಬ್ಯಾಟರಿ ಪರೀಕ್ಷಿಸಿದರು. ತಪ್ಪೇನಿಲ್ಲ, ವಿದ್ಯುತ್ತಿನ ಒತ್ತಡ ಇಳಿದರೂ ಇಂಥ ಲಾಕು ಕೈಕೊಡುತ್ತದೆ. ಷರಾ: ತೊಂದರೆ ಕಂಡುಬಂದಿಲ್ಲ. ಜೂನ್‌ನಲ್ಲಿ ಉಣಕಲ್ಲಿನ ಮದುವೆಮನೆಯೊಂದರ ಮುಂದೆ ಅದೇ ಕಥೆ, ಅದೇ ಷರಾ. ಸೆಪ್ಟೆಂಬರ್‌ನಲ್ಲಿ ಮೂರನೆಯ ಸಲ. ಎರಡು ದಿನ ಇಟ್ಟುಕೊಂಡು ಮರಳಿ ಕೊಡುವಾಗ ಅಲ್ಲಿನ ತರುಣ ಹೇಳಿದ ಮಾತನ್ನು ಅವನದೇ ಧಾಟಿಯಲ್ಲಿ ಕೊಡುತ್ತೇನೆ: “ಏನೂ ತೊಂದರಿ ಇಲ್ರೀ ಸರ್, ಎರರ್ ಕೋಡ್ ಇದ್ವು, ಎಲ್ಲಾ ಕ್ಲಿಯರ್ ಮಾಡೀವ್ರೀ. ಮತ್ತ ಬಂದ್ರ ತಗೊಂಡ ಬರ್ರಿ.”

ಈ ವಾಕ್ಯವನ್ನು ಓದುಗರು ಇನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. ಕಾರಿನ ಗಣಕವು ತನಗಾದ ವೈಫಲ್ಯವನ್ನು ಸಂಕೇತ ರೂಪದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಅದುವೇ ಸಾಕ್ಷಿ. ಆ ಸಾಕ್ಷಿ ಅವರ ಯಂತ್ರದ ಪರದೆಯ ಮೇಲೆ ಮೂಡಿತ್ತು. ಅದನ್ನು ಅಳಿಸಿದರು, ಅಳಿಸಿದ ಮೇಲೆ ‘ಕಂಡುಬಂದಿಲ್ಲ’ ಎಂದು ಬರೆದರು! ಹಲಗೆಯನ್ನು ಒರೆಸಿ, ಇಲ್ಲಿ ಯಾರೂ ಏನೂ ಬರೆದಿರಲಿಲ್ಲವೆಂದು ಹೇಳುವ ಹುಡುಗರನ್ನು ನಾನು ಕಂಡಿದ್ದೇನೆ. ಆದರೆ ಅವರು ಅದನ್ನು ಮೊಹರು ಹಾಕಿದ ಕಾಗದದ ಮೇಲೆ ಬರೆದುಕೊಡುತ್ತಿರಲಿಲ್ಲ.

2025ರ ಜನವರಿಯಲ್ಲಿ ವಾರಂಟಿ ಮುಗಿಯಿತು. ಮಾರ್ಚ್‌ನಲ್ಲಿ ಕಾರು ಪೂರ್ಣವಾಗಿ ಕೈಕೊಟ್ಟಿತು. ಆಗ ನೋಡಿ, ಅದೇ ಜನ, ಅದೇ ಯಂತ್ರ, ಅರ್ಧ ಗಂಟೆಯಲ್ಲಿ ದೋಷ ಕಂಡುಹಿಡಿದರು! ಸ್ಟಿಯರಿಂಗ್ ಲಾಕಿನ ಇಡೀ ಪೆಟ್ಟಿಗೆಯೇ ಹೋಗಿದೆ, ಬದಲಿಸಬೇಕು, 28,400 ರೂಪಾಯಿ. ವಾರಂಟಿ ಇದ್ದಾಗ ಕಾಣದ ದೋಷವು ವಾರಂಟಿ ಮುಗಿದೊಡನೆ ಕಾಣುವ ಈ ದಿವ್ಯದೃಷ್ಟಿಯನ್ನು ಏನೆಂದು ಕರೆಯೋಣ? ಹಿಂದಿನ ಮೂರು ಜಾಬ್ ಕಾರ್ಡುಗಳನ್ನು ಮುಂದಿಟ್ಟಾಗ ಬಂದ ಉತ್ತರ: ಅವುಗಳಲ್ಲಿ ತೊಂದರೆ ಕಂಡುಬಂದಿಲ್ಲವೆಂದೇ ಬರೆದಿದೆಯಲ್ಲ!

ವಾದ ಬೆಳೆದ ಮೇಲೆ ಕಂಪನಿಯಿಂದ ಒಂದು ಉದಾರ ಪತ್ರ ಬಂದಿತು. ‘ಸೌಜನ್ಯದ ದೃಷ್ಟಿಯಿಂದ’ ಅರ್ಧ ವೆಚ್ಚವನ್ನು ತಾವು ಭರಿಸುವುದಾಗಿ. ನನ್ನ ತಾಳ್ಮೆ ಕೆಟ್ಟದ್ದು ದೋಷದಿಂದಲ್ಲ, ಈ ಸೌಜನ್ಯದಿಂದ. ಹುಡುಗನೊಬ್ಬ ಮರುಎಣಿಕೆಗೆ ಅರ್ಜಿ ಹಾಕುತ್ತಾನೆ. ಅವನಿಗೆ ನ್ಯಾಯವಾಗಿ ಸಲ್ಲಬೇಕಾದ ಹತ್ತು ಅಂಕಗಳು ಕೂಡಿಸುವಾಗ ಬಿಟ್ಟುಹೋಗಿರುತ್ತವೆ. ಪರೀಕ್ಷಕನು ಐದು ಅಂಕ ಕೊಟ್ಟು, ‘ಕೃಪಾಂಕ’ ಎಂದು ಬರೆದರೆ? ಹಕ್ಕನ್ನು ಅರ್ಧ ಕತ್ತರಿಸಿ, ಉಳಿದರ್ಧಕ್ಕೆ ಭಿಕ್ಷೆಯ ಬಣ್ಣ ಬಳಿಯುವ ವಿದ್ಯೆಯಿದು. ನಾವು ಪೂರ್ಣ ಹಣ ಕಟ್ಟಿ, ರಸೀದಿಯ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದೇ ಕಾರನ್ನು ತಂದೆವು.

ಹಣ ದೊಡ್ಡದಲ್ಲ. ಆದರೆ ಅಂದು ಲೈನ್ ಬಜಾರಿನಿಂದ ಮರಳಿದ ನನ್ನಾಕೆ ಆ ಒಂದು ವರ್ಷ ಕತ್ತಲಾದ ಮೇಲೆ ಆ ಕಾರು ಹತ್ತಲಿಲ್ಲ. ರಾತ್ರಿ ಎದೆನೋವು ಬಂದರೆ ಈ ಕಾರನ್ನು ನಂಬಬಹುದೇ ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಜಾಬ್ ಕಾರ್ಡಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಕಾನೂನು ಏನನ್ನುತ್ತದೆ? ಬಹಳ ಆಸೆ ಬೇಡ. ಮಾರುತಿ ಕಂಪನಿಯ ಒಂದು ಪ್ರಕರಣದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾರಂಟಿಯ ಕರಾರಿನಂತೆ ಕೆಟ್ಟ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದಷ್ಟೇ ತಯಾರಕರ ಹೊಣೆ, ಇಡೀ ಕಾರನ್ನಲ್ಲ, ಎಂದಿತು. ಸರಿ, ನಾವು ಕೇಳಿದ್ದೂ ಆ ಒಂದು ಭಾಗವನ್ನೇ. 2021ರಲ್ಲಿ ಗೋವಾದ ಗ್ರಾಹಕರೊಬ್ಬರ ಪ್ರಕರಣ ಬಂದಿತು: 2011ರ ಮಾದರಿಗೆಂದು ಹಣ ಕಟ್ಟಿದವರಿಗೆ ಡೀಲರು 2009ರ ಮಾದರಿಯನ್ನು ಕೊಟ್ಟಿದ್ದರು. ತಯಾರಕರಾದ ಟಾಟಾ ಮೋಟಾರ್ಸ್‌ಗೆ ಇದು ತಿಳಿದಿತ್ತೆಂಬುದಕ್ಕೆ ಆಧಾರವಿಲ್ಲ, ಡೀಲರನ ತಪ್ಪಿಗೆ ತಯಾರಕರು ಹೊಣೆಯಲ್ಲ ಎಂದು ಅದೇ ನ್ಯಾಯಾಲಯ ತೀರ್ಮಾನಿಸಿತು. ಆದ್ದರಿಂದ ದೂರು ಕೊಡುವವರು ಇಬ್ಬರನ್ನೂ ಪ್ರತಿವಾದಿಗಳನ್ನಾಗಿ ಮಾಡಿ, ಪ್ರತಿ ಪತ್ರವನ್ನೂ ಇಬ್ಬರಿಗೂ ಕಳಿಸಬೇಕು. ‘ನಮಗೆ ತಿಳಿಯದು’ ಎನ್ನಲು ಅವಕಾಶ ಕೊಡಬಾರದು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಒಂದು ಉಪಕಾರ ಮಾಡಿದೆ: ಕಂಪನಿ ಎಲ್ಲಿಯೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಸರಕಿನ ಬೆಲೆ 5 ಲಕ್ಷದವರೆಗೆ ಶುಲ್ಕವೇ ಇಲ್ಲ. 10ರಿಂದ 20 ಲಕ್ಷದ ಕಾರಿಗೆ 400 ರೂಪಾಯಿ. ವಕೀಲರು ಇರಲೇಬೇಕೆಂದಿಲ್ಲ. ಆದರೆ ಅದೇ ಕಾಯಿದೆಯ ಬಹು ಪ್ರಚಾರ ಪಡೆದ ‘ಉತ್ಪನ್ನ ಹೊಣೆಗಾರಿಕೆ’ ಅಧ್ಯಾಯವನ್ನು ಓದಿ ನೋಡಿರಿ: ‘ಹಾನಿ’ಯ ವ್ಯಾಖ್ಯೆಯಿಂದ ಆ ಉತ್ಪನ್ನಕ್ಕೇ ಆದ ಹಾನಿಯನ್ನು ಹೊರಗಿಡಲಾಗಿದೆ. ನಮ್ಮಂಥವರಿಗೆ ಆ ಅಧ್ಯಾಯದಿಂದ ಪ್ರಯೋಜನವಿಲ್ಲ. ಪರೀಕ್ಷೆಯಿಲ್ಲದೆ ದೋಷ ತೀರ್ಮಾನವಾಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಅದರ ಶುಲ್ಕವನ್ನು ದೂರುದಾರನೇ ಕಟ್ಟಬೇಕು. ಬಂದುಹೋಗುವ ದೋಷ ಪ್ರಯೋಗಾಲಯದಲ್ಲಿಯೂ ಬಾರದೆ ಹೋದರೆ? ಮತ್ತೆ ಅದೇ ಷರಾ, ಈ ಸಲ ನಮ್ಮ ದುಡ್ಡಿನಲ್ಲಿ!

ನಮ್ಮ ಬಂಧುಗಳಲ್ಲಿ ಹಲವರು ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅವರಿಗೆ ಅಲ್ಲಿಯ ಸಾಂಗ್–ಬೆವರ್ಲಿ ಕಾಯಿದೆ ಗೊತ್ತಿರಬಹುದು. ವಸ್ತುವನ್ನು ವಾರಂಟಿ ದುರಸ್ತಿಗೆ ಒಪ್ಪಿಸಿದ ದಿನದಿಂದ ಅದು ಮರಳಿ ಕೈಸೇರುವವರೆಗೆ ವಾರಂಟಿಯ ಗಡಿಯಾರ ಅಲ್ಲಿ ನಿಲ್ಲುತ್ತದೆ. ಅಷ್ಟೇ ಅಲ್ಲ, ದುರಸ್ತಿಯಿಂದ ದೋಷ ಹೋಗದೆ, ಅದನ್ನು ಗ್ರಾಹಕನು 60 ದಿನಗಳೊಳಗೆ ತಿಳಿಸಿದರೆ, ಆ ದೋಷದ ಮಟ್ಟಿಗೆ ವಾರಂಟಿ ಮುಗಿದಂತಾಗುವುದಿಲ್ಲ. ಇಲ್ಲಿ ಮೂರು ಸಾಲು ತಿದ್ದುಪಡಿ ಸಾಕು. ಅದನ್ನು ಯಾವ ಸಂಸದರೂ ಕೇಳಿದ್ದನ್ನು ನಾನು ಓದಿಲ್ಲ.

ಹೊರಗಿನ ಮೇಸ್ತ್ರಿಯಲ್ಲಿಗೆ ಏಕೆ ಹೋಗಲಿಲ್ಲವೆಂದು ಕೆಲವರು ಕೇಳಿದ್ದಾರೆ. ಹಳೇ ಹುಬ್ಬಳ್ಳಿಯ ಮೇಸ್ತ್ರಿಯೊಬ್ಬರು ಮೊದಲ ತಿಂಗಳೇ ದೋಷವನ್ನು ಸರಿಯಾಗಿ ಊಹಿಸಿದ್ದರು. ಆದರೆ ಹೊಸ ಪೆಟ್ಟಿಗೆಯನ್ನು ಕಾರಿನ ಗಣಕಕ್ಕೆ ಪರಿಚಯಿಸಲು ಕಂಪನಿಯ ಯಂತ್ರವೇ ಬೇಕು, ಮುಟ್ಟಿದರೆ ವಾರಂಟಿ ರದ್ದು ಎಂಬ ಬೆದರಿಕೆ ಬೇರೆ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿ ದಂಡ ವಿಧಿಸಿದ್ದು ಇಂಥ ನಡವಳಿಕೆಗಾಗಿಯೇ. ಬಿಡಿಭಾಗಗಳೂ ಪರೀಕ್ಷಾ ಯಂತ್ರಗಳೂ ಹೊರಗಿನ ಮೇಸ್ತ್ರಿಗಳಿಗೆ ಸಿಗಬೇಕು, ಅವರಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದೆಂದು ಸಾರಾಸಗಟಾಗಿ ಹೇಳಕೂಡದು ಎಂದು ಆ ಆದೇಶದಲ್ಲಿದೆ. ಪ್ರಕರಣ ಮೇಲ್ಮನವಿಗಳ ದಾರಿ ಹಿಡಿಯಿತು. ಮೇಸ್ತ್ರಿಯ ಕೈಗೆ ಯಂತ್ರ ಬರಲಿಲ್ಲ.

ಇನ್ನು, ಇದೇ ಉದ್ಯಮದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಗೋಕುಲ ರಸ್ತೆಯ ಸಾಲಿನಲ್ಲಿಯೇ ನಿಮ್ಮಲ್ಲಿ ನಾಲ್ಕೈದು ಜನ ಇದ್ದೀರಿ. ಒಬ್ಬನು ಮನೆಗೆ ಬಂದು ನಿಮ್ಮ ಕಷ್ಟವನ್ನು ವಿವರಿಸಿದ: ದೋಷವನ್ನು ಕಣ್ಣಾರೆ ಕಾಣದೆ ಭಾಗವನ್ನು ಬದಲಿಸಿದರೆ, ಕಂಪನಿಯವರು ಹಳೆಯ ಭಾಗವನ್ನು ತರಿಸಿ ಪರೀಕ್ಷಿಸಿ, ಅದು ಸರಿಯಿದ್ದರೆ ಡೀಲರಿಗೆ ಹಣ ಕೊಡುವುದಿಲ್ಲ, ಡೀಲರು ನಿಮ್ಮನ್ನು ಬೈಯುತ್ತಾನೆ. ನಂಬುತ್ತೇನೆ. ಆದರೆ ಅದು ನಿಮ್ಮ ನಿಮ್ಮೊಳಗಿನ ಲೆಕ್ಕ. ಅದರ ಬಾಕಿಯನ್ನು ಗ್ರಾಹಕನ ಖಾತೆಗೆ ಬರೆಯುವುದು ಯಾವ ಗಣಿತ? ಹೊಟ್ಟೆನೋವೆಂದು ಬಂದ ಹುಡುಗ ನಮ್ಮೆದುರು ನಿಂತಾಗ ನೋವು ಇಳಿದಿದ್ದರೆ ‘ಸುಳ್ಳು ಹೇಳುತ್ತಾನೆ’ ಎಂದು ನಾವು ಹಾಜರಿ ಪುಸ್ತಕದಲ್ಲಿ ಬರೆದುಬಿಡುತ್ತಿದ್ದೆವೇ?

ಭಾಗವನ್ನು ಬದಲಿಸಿಕೊಡಿರಿ ಎಂದು ನಿಮ್ಮನ್ನು ಕೇಳುತ್ತಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಪೆನ್ನು. ಗ್ರಾಹಕನು ಹೇಳಿದ್ದನ್ನು ಅವನ ಮಾತಿನಲ್ಲಿಯೇ, ದಿನ, ಹೊತ್ತು, ಸ್ಥಳ ಸಹಿತ ಬರೆಯಿರಿ. ಎರರ್ ಕೋಡುಗಳನ್ನು ಅಳಿಸುವ ಮೊದಲು ಮುದ್ರಿಸಿ ಅವನ ಕೈಗೊಂದು ಪ್ರತಿ ಕೊಡಿರಿ. ದೋಷ ಕಾಣದಿದ್ದರೆ ‘ಇಂದು ನಮ್ಮಲ್ಲಿ ಮರುಕಳಿಸಲಿಲ್ಲ, ಗ್ರಾಹಕರ ದೂರು ಬಾಕಿ ಇದೆ’ ಎಂದು ಬರೆಯಿರಿ. ನಮ್ಮ ಮೂರು ಕಾರ್ಡುಗಳಲ್ಲಿ ಒಂದರಲ್ಲಾದರೂ ಆ ಸಾಲು ಇದ್ದಿದ್ದರೆ ಧಾರವಾಡದ ಆಯೋಗದಲ್ಲಿ ನಾನು ಮುಂದಿನ ತಾರೀಖಿಗಾಗಿ ಕಾಯುವ ಪ್ರಸಂಗ ಬರುತ್ತಿರಲಿಲ್ಲ. ಉಳಿದವರು, ನಿಮ್ಮ ಕಾರ್ಡಿನಲ್ಲಿ ಆ ಷರಾ ಕಂಡರೆ ಸಹಿ ಹಾಕುವ ಮೊದಲು ಅದರ ಕೆಳಗೆ ‘ಒಪ್ಪಿಗೆಯಿಲ್ಲ’ ಎಂದು ಬರೆದು, ಅದೇ ದಿನ ಡೀಲರಿಗೂ ಕಂಪನಿಗೂ ಮಿಂಚಂಚೆ ಕಳಿಸಿರಿ. ದೂರು ಸಲ್ಲಿಸಲು ಎರಡು ವರ್ಷಗಳ ಅವಧಿಯಿದೆ. ನಾನು ಬರೆದ ದೂರಿನ ನಕಲು ಬೇಕಾದವರು ಕೇಳಿದರೆ ಕಳಿಸುತ್ತೇನೆ; ಹೆಸರುಗಳನ್ನಷ್ಟೇ ತೆಗೆದಿದ್ದೇನೆ.